ಹೊಳೆಯಾಚೆಯ ಔಷಧಿ



ಮನೆಯ ಜಮಾಖರ್ಚನ್ನು ಬರೆದಿಡುವ ಕ್ರಮವನ್ನು ಕುರಿತು ಕಳೆದ ತಿಂಗಳು ಈ ಪುಟದಲ್ಲಿ ನಾಲ್ಕು ಮಾತು ಬರೆದಿದ್ದೆನು. ಕಿರಾಣಿ, ಬಟ್ಟೆ, ಮಕ್ಕಳ ಶಾಲೆ ಎಂಬ ಬಾಬುಗಳ ಕೆಳಗೆ ಔಷಧಿಯೆಂಬ ಬಾಬನ್ನು ಬೇರೆಯಾಗಿಯೇ ಬರೆಯಿರೆಂದೂ, ವರ್ಷದ ಕೊನೆಗೆ ಅದರ ಮೊತ್ತವನ್ನು ಕೂಡಿಸಿ ನೋಡಿರೆಂದೂ ಅಲ್ಲಿ ಸೂಚಿಸಿದ್ದುಂಟು. ಹಾಗೆ ಕೂಡಿಸಿ ನೋಡಿ ಎದೆಗುಂದಿದವರು ಒಬ್ಬಿಬ್ಬರಲ್ಲವೆಂಬುದು ಬಂದ ಪತ್ರಗಳಿಂದ ತಿಳಿಯಿತು. ಅವರೆಲ್ಲರಿಗೂ ಒಟ್ಟಾಗಿ ಉತ್ತರ ಬರೆಯಬೇಕೆಂದು ಕುಳಿತಿರುವಾಗಲೇ, ಪತ್ರವಿಲ್ಲದೆ ಒಂದು ಪ್ರಶ್ನೆಯು ತಾನಾಗಿಯೇ ನಮ್ಮ ಮನೆಯ ಕಟ್ಟೆಗೆ ನಡೆದು ಬಂದಿತು. ಈ ತಿಂಗಳ ಮಾತು ಅದನ್ನು ಕುರಿತದ್ದು.

ನಮ್ಮೂರು ಇರಕಲ್ಲಗಡ, ಕೊಪ್ಪಳ ತಾಲೂಕಿನ ಒಂದು ಹೋಬಳಿಯ ಊರು. ಗುಡ್ಡದ ಮೇಲೊಂದು ಹಳೆಯ ಕೋಟೆ, ಸುತ್ತಲೂ ಬಂಡೆಗಲ್ಲು, ವೈಶಾಖದಲ್ಲಿ ಆ ಕಲ್ಲುಗಳಿಂದಲೇ ಬೆಂಕಿ ಏಳುತ್ತದೆಯೋ ಎನ್ನುವಂಥ ಬಿಸಿಲು. ಅಂತಹ ಒಂದು ಮಧ್ಯಾಹ್ನ ನಮ್ಮ ಓಣಿಯ ಒಬ್ಬ ತಾಯಿಯು ಸಣ್ಣದೊಂದು ಮಣ್ಣಿನ ಗಡಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಗಡಿಗೆಯ ಬಾಯಿಗೆ ಒದ್ದೆಯ ಅರಿವೆ ಕಟ್ಟಿದ್ದಳು. ಬಿಚ್ಚಿ ನೋಡಿದರೆ ಒಳಗೆ ತೊಯ್ದ ಉಸುಕು; ಉಸುಕಿನ ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಇನ್ಸುಲಿನ್ನಿನ ಎರಡು ಸೀಸೆಗಳು.

“ಮಾಸ್ತರ್ರ, ಇದನ್ನ ಅಮೆರಿಕಾಕ್ಕ ಟಪಾಲಿನಾಗ ಕಳಸಬೇಕಾಗೈತ್ರಿ. ವಿಳಾಸ ಇಂಗ್ಲಿಷಿನಾಗ ಬರದ ಕೊಡ್ರಿ” ಎಂದಳು.

ಆಕೆಯ ಮಗನು ನನ್ನಲ್ಲಿ ಓದಿದ ಹುಡುಗ. ಹನ್ನೆರಡನೆಯ ವಯಸ್ಸಿಗೇ ಸಕ್ಕರೆ ಬೇನೆ ಹಿಡಿದು, ಅಂದಿನಿಂದ ದಿನವೂ ಸೂಜಿ ಚುಚ್ಚಿಕೊಂಡೇ ಓದಿ, ಇಂಜಿನಿಯರನಾಗಿ, ಎಂಟು ವರ್ಷಗಳಿಂದ ಅಮೆರಿಕಾದಲ್ಲಿದ್ದಾನೆ. ಈ ವರ್ಷ ಅವನ ಕೆಲಸ ಹೋಯಿತು. ಆ ದೇಶದಲ್ಲಿ ಬಹುಮಂದಿಯ ಆರೋಗ್ಯ ವಿಮೆಯು ಅವರ ಕೆಲಸಕ್ಕೇ ಕಟ್ಟಿದ ಹಗ್ಗ. ಕೆಲಸ ಕಡಿದರೆ ವಿಮೆಯೂ ಕಡಿಯಿತು. ಔಷಧದಂಗಡಿಯಲ್ಲಿ ಪೂರ್ತಿ ಬೆಲೆಯನ್ನು ಕೇಳಿದಾಗ ಹುಡುಗನು ದಂಗಾದನು. ಇದ್ದ ಸೀಸೆಯನ್ನೇ ಹೆಚ್ಚು ದಿನ ಬರಿಸಬೇಕೆಂದು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಡಿಮೆ ಚುಚ್ಚಿಕೊಳ್ಳತೊಡಗಿದನು. ಇದನ್ನು ತಾಯಿಗೆ ಹೇಳಲಿಲ್ಲ. ಅಕ್ಕನಿಗೆ ಫೋನಿನಲ್ಲಿ ಹೇಳಿದನು. ಅಕ್ಕನು ತಾಯಿಗೆ ಹೇಳದೆ ಇರಲಾರದೆ ಹೋದಳು. ತಾಯಿಯು ಮರುದಿನವೇ ಪೆಟ್ಟಿಗೆಯ ತಳದಿಂದ ಮಗನ ಕಾಲೇಜು ದಿನಗಳ ಹಳೆಯ ಚೀಟಿಯನ್ನು ತೆಗೆದುಕೊಂಡು ಬಸ್ಸು ಹತ್ತಿ ಕೊಪ್ಪಳಕ್ಕೆ ಹೋಗಿ ಎರಡು ಸೀಸೆ ತಂದಳು. ಎರಡಕ್ಕೂ ಸೇರಿ ಐದು ನೂರು ರೂಪಾಯಿ ಮುಟ್ಟಿರಲಿಲ್ಲ.

“ಇಲ್ಲಿ ಇಷ್ಟಕ್ಕ ಸಿಗೋ ಔಷಧ ಅಲ್ಲಿ ಅಷ್ಟ್ಯಾಕ್ರಿ? ಅದೇನ ಬ್ಯಾರೆ ನೀರಿನಾಗ ಮಾಡ್ತಾರೇನ?” ಎಂಬುದು ಆಕೆಯ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಟಪಾಲಿನ ಸಂಗತಿಯನ್ನು ಮುಗಿಸಬೇಕಾಗಿತ್ತು. ನಾನು ಆಕೆಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಏಕೆಂದರೆ ಮಕ್ಕಳು ಪರದೇಶದಲ್ಲಿರುವ ಮನೆಗಳು ಈಗ ಹಳ್ಳಿಹಳ್ಳಿಗೂ ಇವೆ.

ಮೊದಲನೆಯ ಅಡ್ಡಿ ಬಿಸಿಲು. ಒಡೆಯದ ಇನ್ಸುಲಿನ್ ಸೀಸೆಯು 2ರಿಂದ 8 ಡಿಗ್ರಿಯ ತಂಪಿನಲ್ಲಿರತಕ್ಕದ್ದು. ಒದ್ದೆ ಉಸುಕಿನ ಗಡಿಗೆಯು ಫ್ರಿಜ್ಜಿಲ್ಲದ ಮನೆಗೆ ಒಂದು ಒಳ್ಳೆಯ ಉಪಾಯವೇ ಸರಿ. ಬಳಕೆಯಲ್ಲಿರುವ ಸೀಸೆಯನ್ನು ಕೆಲವು ವಾರ ಕಾಪಾಡೀತು. ಆದರೆ ಟಪಾಲಿನ ಚೀಲಕ್ಕೆ ಗಡಿಗೆಯುಂಟೆ? ಕೊಪ್ಪಳದ ಬಿಸಿಲಲ್ಲಿ, ಲಾರಿಯ ಹೊಟ್ಟೆಯಲ್ಲಿ, ವಿಮಾನ ನಿಲ್ದಾಣದ ಗೋದಾಮಿನಲ್ಲಿ ದಿನಗಟ್ಟಲೆ ಕಾದ ಇನ್ಸುಲಿನ್ ನೋಡಲು ಮೊದಲಿನಂತೆಯೇ ಇದ್ದರೂ ಒಳಗೆ ಸತ್ವವಿಲ್ಲದ ನೀರಾಗಿರಬಹುದು. ಅದನ್ನು ನಂಬಿ ಚುಚ್ಚಿಕೊಂಡವನ ಗತಿಯೇನು?

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮಾರುವ ಇನ್ಸುಲಿನ್ ಸೀಸೆಯಲ್ಲಿ ಒಂದು ಮಿಲಿಲೀಟರಿಗೆ 40 ಅಂಶಗಳಿರುತ್ತವೆ. ಅಮೆರಿಕಾದಲ್ಲಿ ಮಾರುವುದರಲ್ಲಿ 100. ಸಿರಿಂಜುಗಳ ಗೆರೆಗಳನ್ನೂ ಆಯಾ ಲೆಕ್ಕಕ್ಕೆ ತಕ್ಕಂತೆಯೇ ಎಳೆದಿರುತ್ತಾರೆ. ಅಲ್ಲಿಯ ಸಿರಿಂಜಿನಲ್ಲಿ ಇಲ್ಲಿಯ ಔಷಧಿಯನ್ನು ಇಪ್ಪತ್ತರ ಗೆರೆಯವರೆಗೆ ಎಳೆದವನಿಗೆ ಒಳಗೆ ಹೋಗುವುದು ಇಪ್ಪತ್ತು ಅಂಶವಲ್ಲ, ಎಂಟು. ಅಲ್ಲಿಯ ಔಷಧಿಯನ್ನು ಇಲ್ಲಿಯ ಸಿರಿಂಜಿನಲ್ಲಿ ಇಪ್ಪತ್ತರವರೆಗೆ ಎಳೆದರೆ ಐವತ್ತು! ಮೊದಲನೆಯದರಿಂದ ಸಕ್ಕರೆಯು ಏರಿ ಕೆಡಕು. ಎರಡನೆಯದರಿಂದ ಸಕ್ಕರೆಯು ಇಳಿದು ಪ್ರಾಣಕ್ಕೇ ಸಂಚಕಾರ. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ತಿಳಿಯಲಾಗದು. ‘ಡಿಲಾಕಾರ್’ ಎಂಬ ಹೆಸರಿನ ಔಷಧಿಯು ಅಮೆರಿಕಾದಲ್ಲಿ ರಕ್ತದೊತ್ತಡಕ್ಕೆ ಕೊಡುತ್ತಿದ್ದ ಡಿಲ್ಟಿಯಾಜೆಮ್ ಆಗಿತ್ತು. ಅದೇ ಹೆಸರು ಸರ್ಬಿಯಾ ದೇಶದಲ್ಲಿ ಡಿಗಾಕ್ಸಿನ್ ಎಂಬ ಬೇರೆಯೇ ಹೃದಯದ ಔಷಧಿಗಿತ್ತು. ಪರದೇಶದಿಂದ ಔಷಧಿ ತರಿಸುವವರು ಡಬ್ಬಿಯ ಮೇಲಿನ ದೊಡ್ಡ ಅಕ್ಷರದ ವ್ಯಾಪಾರದ ಹೆಸರನ್ನು ಬಿಟ್ಟು, ಅದರ ಕೆಳಗಿನ ಸಣ್ಣ ಅಕ್ಷರದ ಮೂಲ ಹೆಸರನ್ನೂ ಪ್ರಮಾಣವನ್ನೂ ಓದತಕ್ಕದ್ದೆಂಬ ನಿಯಮವು ಇದರಿಂದಲೇ ಹುಟ್ಟಿತು.

ಮೂರನೆಯದು ಕಾನೂನು. ಅಮೆರಿಕಾದ ಔಷಧ ಇಲಾಖೆಯು ಒಪ್ಪದ ಪರದೇಶದ ಔಷಧಿಯನ್ನು ಯಾವನೊಬ್ಬನು ತನ್ನ ಬಳಕೆಗೆಂದು ತರಿಸುವುದೂ ಕಾನೂನಿನ ಅಕ್ಷರದಂತೆ ನಿಷಿದ್ಧವೇ ಆಗಿದೆ. ಆದರೂ ಸ್ವಂತಕ್ಕೆಂದು ಮೂರು ತಿಂಗಳಿಗೆ ಮೀರದಷ್ಟನ್ನು ತಂದವರ ವಿಷಯದಲ್ಲಿ ಅಧಿಕಾರಿಗಳು ವಿವೇಚನೆಯಿಂದ ಕಣ್ಣು ಮುಚ್ಚುವುದುಂಟು. ಅದು ಹಕ್ಕಲ್ಲ, ದಾಕ್ಷಿಣ್ಯ. ದಾಕ್ಷಿಣ್ಯವನ್ನು ನಂಬಿಕೊಂಡು ಜೀವಕ್ಕೆ ಆಧಾರವಾದ ಔಷಧಿಯ ದಾರಿಯನ್ನು ಕಟ್ಟಲಾದೀತೆ?

ಇಷ್ಟನ್ನು ಕೇಳಿ ಆ ತಾಯಿಯು ಗಡಿಗೆಯ ಬಾಯಿಗೆ ಮತ್ತೆ ಅರಿವೆ ಕಟ್ಟಿದಳು. ಆಕೆಯ ಕೈ ನಡುಗುತ್ತಿತ್ತು. “ಹಂಗಾದ್ರ ನನ್ನ ಮಗ ಅಲ್ಲಿ ಏನ ಮಾಡಬೇಕ್ರಿ?” ಎಂದಳು.

ಇದಕ್ಕೆ ಉತ್ತರವು ಅವಸರದ್ದಾಗಿತ್ತು. ಎಳೆಯ ವಯಸ್ಸಿನಲ್ಲಿ ಬಂದ ಸಕ್ಕರೆ ಬೇನೆಯಲ್ಲಿ ದೇಹವು ತಾನಾಗಿ ಇನ್ಸುಲಿನ್ ತಯಾರಿಸುವುದೇ ಇಲ್ಲ. ಹೊರಗಿನಿಂದ ಕೊಡುವುದು ಕಡಿಮೆಯಾದರೆ ರಕ್ತವು ಆಮ್ಲವಾಗಿ, ಕೆಲವೇ ದಿನಗಳಲ್ಲಿ ಮನುಷ್ಯನು ಮಣ್ಣುಗೂಡಬಹುದು. ಅಮೆರಿಕಾದ ಮಿನೆಸೋಟಾ ಸಂಸ್ಥಾನದಲ್ಲಿ ಅಲೆಕ್ ಸ್ಮಿತ್ ಎಂಬ 26 ವರ್ಷದ ತರುಣನು ತನ್ನ ತಾಯಿಯ ವಿಮೆಯ ಆಶ್ರಯವು ವಯಸ್ಸಿನ ಕಾರಣದಿಂದ ತಪ್ಪಿದ ಮೇಲೆ ಇನ್ಸುಲಿನ್ನನ್ನು ಹೀಗೆಯೇ ಎಳೆದೆಳೆದು ಬಳಸುತ್ತ 2017ರಲ್ಲಿ ತೀರಿಕೊಂಡನು. ಅವನ ತಾಯಿಯು ಸುಮ್ಮನಿರದೆ ಹೋರಾಡಿದುದರಿಂದ 2020ರಲ್ಲಿ ಆ ಸಂಸ್ಥಾನವು ಅವನ ಹೆಸರಿನಲ್ಲಿಯೇ ಒಂದು ಕಾನೂನು ಮಾಡಿ, ಕೈಲಾಗದವರಿಗೆ ತುರ್ತಿನ ಇನ್ಸುಲಿನ್ ದೊರೆಯುವಂತೆ ಏರ್ಪಡಿಸಿತು. ಈ ಸಂಗತಿಯನ್ನು ನಾನು ಆ ತಾಯಿಗೆ ಹೇಳಲಿಲ್ಲ. ಹುಡುಗನಿಗೆ ಮಾತ್ರ ಆ ರಾತ್ರಿಯೇ ಫೋನಿನಲ್ಲಿ ಹೇಳಿದೆನು.

ಹೇಳಿದ್ದಿಷ್ಟು: ಔಷಧಿಯನ್ನು ಅರ್ಧ ಮಾಡಬೇಡ, ಸಾಲ ಮಾಡು, ಸ್ನೇಹಿತರನ್ನು ಕೇಳು, ನಾಚಿಕೊಳ್ಳಬೇಡ. ನಿನ್ನ ವೈದ್ಯರಿಗೆ ಇದ್ದುದನ್ನು ಇದ್ದಂತೆ ತಿಳಿಸು. ಅಂಗಡಿಯವನು ಹೇಳಿದ ಬೆಲೆಯೇ ಕೊನೆಯ ಬೆಲೆಯಲ್ಲ. 2023ರಲ್ಲಿ ಅಲ್ಲಿಯ ಮೂರು ದೊಡ್ಡ ಇನ್ಸುಲಿನ್ ಕಂಪನಿಗಳೂ ತಮ್ಮ ಹಲವು ಸೀಸೆಗಳ ಬೆಲೆಯನ್ನು ಬಹುವಾಗಿ ಇಳಿಸುವುದಾಗಿ ಸಾರಿದವು. ವಿಮೆಯಿಲ್ಲದವರಿಗೂ ತಿಂಗಳಿಗೆ 35 ಡಾಲರಿಗೆ ಇನ್ಸುಲಿನ್ ಕೊಡುವ ಏರ್ಪಾಡುಗಳಿವೆ. ಕೇಳಿದವರಿಗೆ ಸಿಕ್ಕುತ್ತವೆ, ಕೇಳದವರಿಗೆ ಇಲ್ಲ. ಇನ್ನೂ ಅಗ್ಗವಾದ ಹಳೆಯ ಬಗೆಯ ಇನ್ಸುಲಿನ್ ಅಲ್ಲಿಯ ದೊಡ್ಡ ಅಂಗಡಿಗಳಲ್ಲಿಯೇ ದೊರೆಯುತ್ತದೆ. ಆದರೆ ಅದರ ವೇಗವೂ ಪ್ರಮಾಣವೂ ಬೇರೆಯಾದುದರಿಂದ ವೈದ್ಯರನ್ನು ಕೇಳದೆ ಬದಲಾಯಿಸಬಾರದು.

ಹುಡುಗನು ಬಹಳ ಹೊತ್ತು ಸುಮ್ಮನಿದ್ದನು. ತರುವಾಯ, “ಆಗಲಿ ಸರ್, ನಾಳೆನೇ ಹೋಗ್ತೀನಿ. ಅವ್ವಗ ಹೇಳಬ್ಯಾಡ್ರಿ” ಎಂದನು. ಅವ್ವನು ನನ್ನ ಮಗ್ಗುಲಲ್ಲಿಯೇ ಕುಳಿತಿದ್ದಳು.

ಇನ್ನು ಆಕೆಯ ಪ್ರಶ್ನೆ: ಇಲ್ಲಿ ಅಷ್ಟು ಅಗ್ಗ, ಅಲ್ಲಿ ಅಷ್ಟು ತುಟ್ಟಿ, ಏಕೆ?

ಇದರಲ್ಲಿ ನಮ್ಮ ಸೀಮೆಯವರಿಗೆ ತೀರ ಹೊಸದೇನೂ ಇಲ್ಲ. 1948ರವರೆಗೆ ಕೊಪ್ಪಳವು ನಿಜಾಮರ ರಾಜ್ಯದೊಳಗೆ ಸಾಲಾರ್ ಜಂಗರ ಜಹಗೀರಾಗಿದ್ದಿತು. ತುಂಗಭದ್ರೆಯ ಆಚೆಯ ಹೊಸಪೇಟೆಯು ಮದ್ರಾಸ್ ಪ್ರಾಂತ, ಪಶ್ಚಿಮದ ಗದಗು ಮುಂಬಯಿ ಪ್ರಾಂತ. ಎರಡೂ ನಮ್ಮ ಹಿರಿಯರಿಗೆ ‘ಇಂಗ್ರೇಜಿ ಸೀಮೆ’. ಇಲ್ಲಿಯ ನಾಣ್ಯ ಹಾಲಿ ಸಿಕ್ಕಾ, ಅಲ್ಲಿಯ ನಾಣ್ಯ ಕಲ್ದಾರ. ಗಡಿಯಲ್ಲಿ ಕರೋಡಗಿರಿಯ ನಾಕೆ, ಸಾಮಾನಿಗೆ ಸುಂಕ. ಇಂಗ್ರೇಜಿ ಸೀಮೆಯ ಅಂಚೆಯ ಕಚೇರಿಗಳಲ್ಲಿ ಚಳಿಜ್ವರದ ಕ್ವಿನೈನ್ ಪುಡಿಯನ್ನು ಸಣ್ಣ ಪೊಟ್ಟಣ ಕಟ್ಟಿ ಕಾಸಿಗೆ ಮಾರುತ್ತಿದ್ದ ಕಾಲ ಅದು. ಮನೆಯಲ್ಲಿ ಮಗುವು ನಡುಗುತ್ತ ಮಲಗಿದಾಗ ಹೊಳೆಯನ್ನು ದಾಟಿದ ಹಿರಿಯರು ತಾವು ಪರದೇಶದಿಂದ ಔಷಧಿ ತಂದೆವೆಂದು ತಿಳಿದಿದ್ದರೆ? ಅವರಿಗೆ ಅದು ಹೊಳೆಯಾಚೆಯ ಔಷಧಿ, ಅಷ್ಟೆ.

ಅಮೆರಿಕಾದ ಡೆಟ್ರಾಯಿಟ್ ನಗರಕ್ಕೂ ಕೆನಡಾದ ವಿಂಡ್ಸರ್ ನಗರಕ್ಕೂ ನಡುವೆ ಹರಿಯುವುದೂ ಒಂದು ಹೊಳೆಯೇ. 2019ರ ಜುಲೈ ತಿಂಗಳಿನಲ್ಲಿ ಸೆನೆಟರ್ ಬರ್ನಿ ಸ್ಯಾಂಡರ್ಸರು ಸಕ್ಕರೆ ಬೇನೆಯವರ ಒಂದು ತಂಡದೊಡನೆ ಬಸ್ಸಿನಲ್ಲಿ ಆ ಹೊಳೆಯನ್ನು ದಾಟಿ ಹೋದರು. ಆಚೆಯ ದಡದಲ್ಲಿ ಅದೇ ಇನ್ಸುಲಿನ್ ಸುಮಾರು ಹತ್ತನೆಯ ಒಂದು ಪಾಲು ಬೆಲೆಗೆ ದೊರೆಯುತ್ತಿತ್ತು. 1996ರಲ್ಲಿ 21 ಡಾಲರಿಗೆ ಮಾರುತ್ತಿದ್ದ ಹ್ಯೂಮಲಾಗ್ ಎಂಬ ಇನ್ಸುಲಿನ್ನಿನ ಸೀಸೆಗೆ 2019ರ ಹೊತ್ತಿಗೆ ಅಮೆರಿಕಾದಲ್ಲಿ ಸುಮಾರು 275 ಡಾಲರ್ ಪಟ್ಟಿಯ ಬೆಲೆಯಾಗಿತ್ತು. ವಸ್ತುವು ಅದೇ, ಬೆಳೆದುದು ಬೆಲೆ ಮಾತ್ರ.

ಇದರಲ್ಲಿ ಮನಸ್ಸಿಗೆ ನಾಟುವ ಸಂಗತಿಯೊಂದುಂಟು. ಇನ್ಸುಲಿನ್ನನ್ನು ಕಂಡುಹಿಡಿದುದು ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಅದನ್ನು ಮೊದಲು ಚುಚ್ಚಿದರು. ಅದುವರೆಗೆ ಅಂತಹ ಮಕ್ಕಳಿಗೆ ಉಪವಾಸವಲ್ಲದೆ ಬೇರೆ ಔಷಧಿಯಿರಲಿಲ್ಲ. ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬ ಮೂವರು ಅದರ ಪೇಟೆಂಟಿನಲ್ಲಿ ತಮಗಿದ್ದ ಹಕ್ಕನ್ನು 1923ರಲ್ಲಿ ತಲೆಗೆ ಒಂದೊಂದೇ ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟರು. ಇದು ಲೋಕಕ್ಕೆ ಸೇರಿದ್ದು, ಯಾರೊಬ್ಬನ ತಿಜೋರಿಗೂ ಅಲ್ಲವೆಂಬುದು ಅವರ ಭಾವ. ತರುವಾಯ ಹೊಸ ಹೊಸ ಬಗೆಯ ಇನ್ಸುಲಿನ್ನುಗಳು ಬಂದವು, ಹೊಸ ಹೊಸ ಪೇಟೆಂಟುಗಳಾದವು. ಸರಕಾರವು ಬೆಲೆಯನ್ನು ಗೊತ್ತುಮಾಡದ ದೇಶದಲ್ಲಿ ಬೆಲೆಯು ಮೇಲಕ್ಕೇರುತ್ತ ಹೋಯಿತು.

ನಮ್ಮಲ್ಲಿ ಹಾಗಾಗದೆ ಇದ್ದುದಕ್ಕೆ ಕಾರಣಗಳುಂಟು. 1970ರ ಪೇಟೆಂಟ್ ಕಾನೂನಿನಲ್ಲಿ ನಮ್ಮ ಸರಕಾರವು ಔಷಧಿಯ ವಸ್ತುವಿಗೆ ಪೇಟೆಂಟ್ ಕೊಡದೆ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು. ಅಡಿಗೆಯ ಮಾತಿನಲ್ಲಿ ಹೇಳುವುದಾದರೆ, ಹೋಳಿಗೆಯ ಮೇಲೆ ಯಾರಿಗೂ ಹಕ್ಕಿಲ್ಲ. ಒಬ್ಬನು ಮಾಡಿದ ಬಗೆಯನ್ನು ಇನ್ನೊಬ್ಬನು ಕದಿಯಬಾರದು, ಅಷ್ಟೆ. ಬೇರೆ ಬಗೆಯಲ್ಲಿ ಅದೇ ಹೋಳಿಗೆಯನ್ನು ಮಾಡಲು ಯಾರೂ ಅಡ್ಡ ಬರರು. ಇದರಿಂದ ನಮ್ಮ ದೇಶದ ಕಂಪನಿಗಳು ಬೆಳೆದವು. ಅವುಗಳ ನಡುವಿನ ಪೈಪೋಟಿಯಿಂದ ಬೆಲೆ ಇಳಿಯಿತು. 2005ರ ಜನವರಿ 1ರಿಂದ ವಸ್ತುವಿಗೂ ಪೇಟೆಂಟ್ ಕೊಡುವಂತೆ ಕಾನೂನು ಬದಲಾಯಿತು. ಆದರೂ ಹಳೆಯ ಔಷಧಿಗೆ ಸ್ವಲ್ಪ ರೂಪ ಬದಲಿಸಿ ಹೊಸ ಪೇಟೆಂಟ್ ಕೇಳುವವರಿಗೆ ತಡೆಯೊಂದನ್ನು ಅದರಲ್ಲಿಯೇ ಇಟ್ಟರು. ರಕ್ತದ ಕ್ಯಾನ್ಸರಿನ ಗ್ಲಿವೆಕ್ ಎಂಬ ಔಷಧಿಯ ವ್ಯಾಜ್ಯದಲ್ಲಿ 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ಆ ತಡೆಯನ್ನೇ ಎತ್ತಿ ಹಿಡಿಯಿತು. ಅದಕ್ಕೂ ಒಂದು ವರ್ಷ ಮೊದಲು, 2012ರ ಮಾರ್ಚಿನಲ್ಲಿ, ಸೊರಾಫೆನಿಬ್ ಎಂಬ ಕ್ಯಾನ್ಸರಿನ ಔಷಧಿಯನ್ನು ಪೇಟೆಂಟಿನವರ ಒಪ್ಪಿಗೆಯಿಲ್ಲದೆಯೂ ತಯಾರಿಸಲು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಪೇಟೆಂಟ್ ಅಧಿಕಾರಿಯು ಅಪ್ಪಣೆ ಕೊಟ್ಟನು. ತಿಂಗಳಿಗೆ ಸುಮಾರು 2,80,000 ರೂಪಾಯಿಯಾಗುತ್ತಿದ್ದ ಆ ಔಷಧಿಯು 8,800 ರೂಪಾಯಿಗೆ ಇಳಿಯಿತು. ಮೂಲದ ಕಂಪನಿಗೆ ಮಾರಾಟದ ಮೇಲೆ ಗೌರವಧನವನ್ನೂ ಗೊತ್ತುಮಾಡಿದರು.

ಆಗ ಲೋಕವೇ ನಮ್ಮ ಹೊಳೆಯ ಕಡೆಗೆ ಬರತೊಡಗಿತು. 2001ರಲ್ಲಿ ಮುಂಬಯಿಯ ಸಿಪ್ಲಾ ಕಂಪನಿಯು ಏಡ್ಸ್ ರೋಗದ ಮೂರು ಔಷಧಿಗಳನ್ನು ಒಟ್ಟಾಗಿ, ಒಬ್ಬ ರೋಗಿಗೆ ವರ್ಷಕ್ಕೆ 350 ಡಾಲರಿನಂತೆ ಕೊಡುವುದಾಗಿ ಹೇಳಿದಾಗ ಪಶ್ಚಿಮದ ಬೆಲೆಯು ಹತ್ತು ಸಾವಿರ ಡಾಲರಿಗೆ ಮೇಲಿತ್ತು. ಚೀನಾ ದೇಶದ ಲು ಯೊಂಗ್ ಎಂಬ ರಕ್ತದ ಕ್ಯಾನ್ಸರಿನ ರೋಗಿಯು ತನ್ನ ದೇಶದಲ್ಲಿ ತಿಂಗಳಿಗೆ 23,500 ಯುವಾನ್ ಬೀಳುತ್ತಿದ್ದ ಔಷಧಿಯ ಭಾರತದ ರೂಪವನ್ನು ತೀರ ಅಗ್ಗಕ್ಕೆ ತರಿಸಿಕೊಂಡನು; ತನ್ನಂತಹ ನೂರಾರು ರೋಗಿಗಳಿಗೂ ತರಿಸಿಕೊಟ್ಟನು. ಅದಕ್ಕಾಗಿ ಅವನ ಮೇಲೆ ಮೊಕದ್ದಮೆ ಹೂಡಿದರು. ರೋಗಿಗಳು ಅವನ ಪರವಾಗಿ ಅರ್ಜಿ ಬರೆದರು. 2015ರಲ್ಲಿ ಸರಕಾರದವರು ಮೊಕದ್ದಮೆಯನ್ನು ಕೈಬಿಟ್ಟರು. 2018ರಲ್ಲಿ ಅವನ ಕತೆಯಿಂದ ಸ್ಫೂರ್ತಿ ಪಡೆದ ಚಲಚ್ಚಿತ್ರವೊಂದು ಆ ದೇಶದವರನ್ನೆಲ್ಲ ಅಳಿಸಿತು. ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿಯು ಜೊತೆಗಾರರೊಡನೆ ರೂಪಿಸಿದ ಗ್ಲಾರ್ಜಿನ್ ಇನ್ಸುಲಿನ್ನಿಗೆ ಅಮೆರಿಕಾದ ಔಷಧ ಇಲಾಖೆಯು, ಮೂಲದ ಇನ್ಸುಲಿನ್ನಿಗೆ ಬದಲಾಗಿ ಅಂಗಡಿಯವನೇ ಕೊಡಬಹುದೆಂಬ ಮನ್ನಣೆಯನ್ನು 2021ರ ಜುಲೈಯಲ್ಲಿ ಕೊಟ್ಟಿತು. ಇನ್ಸುಲಿನ್ ಸಮುದ್ರವನ್ನು ದಾಟತಕ್ಕ ಸರಿಯಾದ ದಾರಿ ಇದು: ಪರೀಕ್ಷೆಗೊಳಪಟ್ಟು, ಅಲ್ಲಿಯ ಪ್ರಮಾಣಕ್ಕೆ ಹೊಂದಿಕೊಂಡು, ತಂಪಿನ ಪೆಟ್ಟಿಗೆಯಲ್ಲಿ.

ಹೀಗೆಂದು ನಾವು ಬೀಗಬೇಕಾದುದೇನೂ ಇಲ್ಲ. ಅಗ್ಗವೆಂಬುದೊಂದೇ ಔಷಧಿಯ ಗುಣವಲ್ಲ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾ ದೇಶದಲ್ಲಿ ಹಲವು ಹತ್ತು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತ ಮೇಲೆ, ನಮ್ಮ ದೇಶದಲ್ಲಿ ತಯಾರಾದ ಕೆಮ್ಮಿನ ಔಷಧಿಗಳಲ್ಲಿ ವಿಷವಸ್ತುವು ಕಂಡುಬಂದಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿತು. ಅಷ್ಟು ದೂರವೇಕೆ? 2024ರ ನವೆಂಬರಿನಲ್ಲಿ ನಮ್ಮ ನೆರೆಯ ಬಳ್ಳಾರಿಯಲ್ಲಿ ಶಸ್ತ್ರಕ್ರಿಯೆಯಿಂದ ಹೆರಿಗೆಯಾದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ, ನರಕ್ಕೆ ಏರಿಸಿದ ದ್ರಾವಣದ ಮೇಲೆಯೇ ಸಂಶಯ ಹುಟ್ಟಿ ರಾಜ್ಯವೆಲ್ಲ ತಲ್ಲಣಿಸಿತು. ಹಿಂದುಳಿದ ದೇಶಗಳಲ್ಲಿ ಹತ್ತರಲ್ಲಿ ಒಂದು ಔಷಧಿಯು ಕಳಪೆಯೋ ಖೋಟಿಯೋ ಆಗಿರುವುದೆಂದು 2017ರಲ್ಲಿ ಅದೇ ವಿಶ್ವ ಸಂಸ್ಥೆಯು ಅಂದಾಜು ಮಾಡಿತ್ತು. ಆದುದರಿಂದ ಮುಖವಿಲ್ಲದ, ವಿಳಾಸವಿಲ್ಲದ, ವೈದ್ಯರ ಚೀಟಿಯನ್ನು ಕೇಳದೆ ಮನೆಗೆ ಕಳಿಸುವೆನೆನ್ನುವ ಯಾವ ಅಂಗಡಿಯಿಂದಲೂ, ಅದು ಒಳದೇಶದ್ದಿರಲಿ ಹೊರದೇಶದ್ದಿರಲಿ, ಔಷಧಿಯನ್ನು ಕೊಳ್ಳಲಾಗದು.

ಈಗ ಕಟ್ಟೆಯ ಮೇಲೆ ಕುಳಿತ ತಾಯಿಯ ಕಡೆಗೆ ಮರಳೋಣ. ಸೀಸೆಗಳ ಮೇಲಿನ ಅಕ್ಷರವನ್ನು ಓದಿಸಬೇಕೆಂದು ಆಕೆಯು ಚೀಲದಿಂದ ಅಂಗಡಿಯ ರಸೀತಿಯನ್ನು ತೆಗೆಯುವಾಗ ಅದರೊಡನೆ ಗುಳಿಗೆಯ ಒಂದು ಪಟ್ಟಿಯೂ ಹೊರಬಿದ್ದಿತು. ರಕ್ತದೊತ್ತಡದ ಗುಳಿಗೆ, ಆಕೆಯದೇ. ಪಟ್ಟಿಯನ್ನು ಕೊಂಡು ಇಪ್ಪತ್ತು ದಿನವಾಗಿತ್ತು. ಹದಿನೈದರಲ್ಲಿ ಐದು ಇನ್ನೂ ಉಳಿದಿದ್ದವು. ದಿನಕ್ಕೊಂದರಂತೆ ನುಂಗಿದ್ದರೆ ಪಟ್ಟಿಯು ಐದು ದಿನ ಮೊದಲೇ ಖಾಲಿಯಾಗಬೇಕಾಗಿತ್ತು.

“ಇದೇನು ತಂಗ್ಯವ್ವಾ?” ಎಂದೆನು.

“ದಿನಬಿಟ್ಟ ದಿನಾ ತಗೊಂತೀನ್ರಿ. ನನಗೇನಾಗೈತಿ, ಗಟ್ಟಿ ಅದೀನಿ. ರೊಕ್ಕ ಉಳೀತೈತಿ” ಎಂದಳು.

ನಾನು ಏನೂ ಮಾತಾಡಲಿಲ್ಲ. ಸಾವಿರಾರು ಮೈಲಿಯಾಚೆ ಮಗನು ತಾಯಿಗೆ ತಿಳಿಯದಂತೆ ಔಷಧಿಯನ್ನು ಕಡಿಮೆ ಮಾಡಿದ್ದನು. ಇರಕಲ್ಲಗಡದಲ್ಲಿ ತಾಯಿಯು ಮಗನಿಗೆ ತಿಳಿಯದಂತೆ ಕಡಿಮೆ ಮಾಡಿದ್ದಳು. ಸ್ವಲ್ಪ ಹೊತ್ತಿನ ಮೇಲೆ, “ಅವನಿಗೆ ನೀ ಏನ ಹೇಳಬೇಕಂತಿ, ಅದನ್ನ ಮೊದಲ ನಿನಗ ಹೇಳಿಕೋ” ಎಂದಷ್ಟೇ ಅಂದೆನು. ಆಕೆಯು ತಲೆ ತಗ್ಗಿಸಿ ಗಡಿಗೆಯ ಅಂಚನ್ನು ಒರೆಸುತ್ತ ಕುಳಿತಳು.

ವಾಚಕರೆ, ಕಳೆದ ತಿಂಗಳ ಪತ್ರಗಳಿಗೆ ನಾನು ಕೊಡಬೇಕೆಂದಿದ್ದ ಉತ್ತರವು ಇಲ್ಲಿಂದಲೇ ಆರಂಭವಾಗುತ್ತದೆ. ಅಗ್ಗದ ಔಷಧಿಗಾಗಿ ಲೋಕವು ನಮ್ಮ ದೇಶದ ಬಾಗಿಲಿಗೆ ಬರುತ್ತಿರುವಾಗ ನಮ್ಮ ಮನೆಯವರೇ ಗುಳಿಗೆಯನ್ನು ಎಣಿಸಿ ನುಂಗುವಂತಾದರೆ, ಅದಕ್ಕೆ ಅರ್ಧ ಕಾರಣವು ಬಡತನವಾದರೆ ಇನ್ನರ್ಧ ಕಾರಣವು ತಿಳಿಯದಿರುವಿಕೆ. ಆದುದರಿಂದ ಗೃಹಸ್ಥರು ಈ ಕೆಲವು ಮಾತುಗಳನ್ನು ನೆನಪಿಡಬೇಕು.

ವೈದ್ಯರ ಮುಂದೆ ಬೆಲೆಯ ಮಾತನ್ನು ಎತ್ತಲು ನಾಚಬೇಡಿರಿ. “ಇಷ್ಟು ಕೊಳ್ಳಲು ನನ್ನಿಂದಾಗದು, ಇದೇ ಗುಣದ ಅಗ್ಗದ್ದುಂಟೆ?” ಎಂದು ಕೇಳಿದರೆ ವೈದ್ಯರ ಗೌರವಕ್ಕೆ ಕುಂದಿಲ್ಲ, ನಿಮ್ಮ ಮಾನಕ್ಕೂ ಕುಂದಿಲ್ಲ. ಚೀಟಿಯಲ್ಲಿ ಮೂಲ ಹೆಸರನ್ನು ಬರೆಸಿಕೊಳ್ಳಿರಿ. ಆ ಹೆಸರಿನಿಂದ ಜನೌಷಧಿ ಕೇಂದ್ರದಲ್ಲಿ ಕೇಳಿರಿ. 2008ರಲ್ಲಿ ಆರಂಭವಾದ ಈ ಕೇಂದ್ರಗಳು 2023ರ ಕೊನೆಗೆ ದೇಶದಲ್ಲಿ ಹತ್ತು ಸಾವಿರವನ್ನು ಮುಟ್ಟಿದವು. ಹೆಸರುವಾಸಿಯಾದ ಗುರುತಿನ ಗುಳಿಗೆಗಿಂತ ಅಲ್ಲಿ ಬೆಲೆಯು ಅರ್ಧಕ್ಕೂ ಕಡಿಮೆಯಾಗಿರುವುದು ಸಾಮಾನ್ಯ. ರಕ್ತದೊತ್ತಡ, ಸಕ್ಕರೆ ಬೇನೆಗಳ ಸಾಮಾನ್ಯ ಗುಳಿಗೆಗಳನ್ನು ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬಿಟ್ಟಿಯಾಗಿಯೇ ಕೊಡುತ್ತಾರೆ. ಅಲ್ಲಿ ಹೆಸರು ಬರೆಸಿ, ಪುಸ್ತಕ ಮಾಡಿಸಿಕೊಂಡು, ತಿಂಗಳಿಗೊಮ್ಮೆ ಹೋಗುವುದನ್ನು ಸಂತೆಗೆ ಹೋಗುವಷ್ಟೇ ಸಹಜವಾಗಿ ಮಾಡಿಕೊಳ್ಳಬೇಕು. ಸರಕಾರವು ಆವಶ್ಯಕ ಔಷಧಿಗಳ ಪಟ್ಟಿಯಲ್ಲಿ ಸೇರಿಸಿದವಕ್ಕೆ ಮೇಲ್ಮಿತಿಯ ಬೆಲೆಯನ್ನು ಗೊತ್ತುಮಾಡಿರುತ್ತದೆ. ಡಬ್ಬಿಯ ಮೇಲೆ ಅಚ್ಚಾದ ಬೆಲೆಗಿಂತ ಹೆಚ್ಚು ಕೇಳುವ ಅಧಿಕಾರವು ಯಾರಿಗೂ ಇಲ್ಲ. ರಸೀತಿಯನ್ನು ತಪ್ಪದೆ ಕೇಳಿರಿ. ತಯಾರಿಕೆಯ ತಂಡದ ಸಂಖ್ಯೆಯೂ ಮುಗಿಯುವ ತಾರೀಖೂ ಅದರಲ್ಲಿರಲಿ.

ಇನ್ನು ನಮ್ಮ ದೇಶದಲ್ಲಿ ದೊರೆಯದ ಔಷಧಿಯನ್ನು ಹೊರದೇಶದಿಂದ ತರಿಸಬೇಕಾದ ಕಷ್ಟವು ಕೆಲವು ಮನೆಗಳಿಗೆ ಬರುವುದುಂಟು. ಅದಕ್ಕೂ ರಾಜಮಾರ್ಗವಿದೆ. 1945ರ ಔಷಧ ನಿಯಮಗಳಂತೆ ಪ್ರಯಾಣಿಕನು ತನ್ನ ಸ್ವಂತ ಬಳಕೆಗೆ ಒಂದು ಔಷಧಿಯ ನೂರು ಸರಾಸರಿ ಮಾತ್ರೆಗೆ ಮೀರದಷ್ಟನ್ನು ಸಾಮಾನಿನೊಡನೆ ತರಬಹುದು. ಬೇರೆ ಬಗೆಯಲ್ಲಿ ತರಿಸುವುದಾದರೆ ನೋಂದಾಯಿತ ವೈದ್ಯರ ಚೀಟಿಯೊಡನೆ 12-ಎ ನಮೂನೆಯಲ್ಲಿ ಮೊದಲೇ ಅರ್ಜಿ ಹಾಕಿ, 12-ಬಿ ನಮೂನೆಯ ಅಪ್ಪಣೆಯನ್ನು ಪಡೆಯಬೇಕು. ಸರಕಾರದ ಪಟ್ಟಿಯಲ್ಲಿರುವ ಅಪರೂಪದ ರೋಗಗಳಿಗಾಗಿ ಸ್ವಂತಕ್ಕೆ ತರಿಸುವ ಔಷಧಿಗೆ 2023ರ ಏಪ್ರಿಲ್ 1ರಿಂದ ಮೂಲ ಸುಂಕವನ್ನು ಮಾಫಿ ಮಾಡಿದ್ದಾರೆ. ದಲ್ಲಾಳಿಯ ಕೈಗೆ ಹಣ ಕೊಡುವ ಮೊದಲು ಈ ದಾರಿಯನ್ನು ವೈದ್ಯರೊಡನೆ ಕುಳಿತು ವಿಚಾರಿಸಿರಿ.

ಪರದೇಶದಲ್ಲಿರುವ ಮಕ್ಕಳಿಗೂ ಒಂದು ಮಾತು. ಊರಿಗೆ ಬಂದಾಗ ಇಲ್ಲಿಯ ವೈದ್ಯರಿಗೆ ತೋರಿಸಿ, ಹೊಸ ಚೀಟಿಯಿಂದ, ಮೂಲದ ಡಬ್ಬಿಯೊಡನೆ, ಮೂರು ತಿಂಗಳಿಗೆ ಮೀರದಷ್ಟು ಗುಳಿಗೆಯನ್ನು ನೀವೇ ಒಯ್ಯುವುದು ಬೇರೆ. ತಾಯಿಯು ಹಳೆಯ ಚೀಟಿಯಿಂದ ಕೊಂಡು ಟಪಾಲಿಗೆ ಹಾಕುವುದು ಬೇರೆ. ಮೊದಲನೆಯದಕ್ಕೂ ಆ ದೇಶದ ಕಾನೂನನ್ನು ತಿಳಿದುಕೊಂಡೇ ಹೊರಡಿರಿ. ಎಲ್ಲಕ್ಕೂ ಮಿಗಿಲಾಗಿ, ಔಷಧಿಗೆ ಹಣವಿಲ್ಲವೆಂಬುದನ್ನು ಮನೆಯವರಿಂದ ಮುಚ್ಚಿಡಬೇಡಿರಿ. ಮುಚ್ಚಿಟ್ಟ ಬೇನೆಗೆ ಯಾವ ಹೊಳೆಯಾಚೆಯೂ ಔಷಧಿಯಿಲ್ಲ.

ಒಂದು ವಾರದ ಮೇಲೆ ಹುಡುಗನ ಫೋನು ಬಂದಿತು. ತಿಂಗಳಿಗೆ 35 ಡಾಲರಿನ ಏರ್ಪಾಡಿನಲ್ಲಿ ಅವನಿಗೆ ಇನ್ಸುಲಿನ್ ದೊರೆತಿತ್ತು; ಕೆಲಸವಿನ್ನೂ ದೊರೆತಿರಲಿಲ್ಲ. ತಾಯಿಯು ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿದಳು. ಈಗ ದಿನವೂ ಗುಳಿಗೆ ನುಂಗುತ್ತಾಳೆ. ನುಂಗಿದೆನೆಂದು ಪ್ರತಿ ರಾತ್ರಿ ಮಗನಿಗೆ ಹೇಳುತ್ತಾಳೆ, ಚುಚ್ಚಿಕೊಂಡೆನೆಂದು ಅವನೂ ಆಕೆಗೆ ಹೇಳುತ್ತಾನೆ. ಇಬ್ಬರಲ್ಲಿ ಯಾರು ಯಾರನ್ನು ಕಾಯುತ್ತಿರುವರೆಂದು ಹೇಳುವುದು ಕಷ್ಟ.

ಆ ಎರಡು ಸೀಸೆಗಳನ್ನು ಗಡಿಗೆಯಿಂದ ತೆಗೆದು ನಮ್ಮ ಮನೆಯ ಫ್ರಿಜ್ಜಿನಲ್ಲಿ ಇಟ್ಟಿದ್ದೇವೆ. “ಇರಲಿ ಬಿಡ್ರಿ ಮಾಸ್ತರ್ರ, ದೀಪಾವಳಿಗೆ ಅವ ಬಂದಾಗ ಬೇಕಾಗ್ತಾವ” ಎಂದು ಆಕೆ ಹೇಳಿದ್ದಾಳೆ. ಬಂದಾಗ ತಾರೀಖನ್ನು ನೋಡಿ, ವೈದ್ಯರನ್ನು ಕೇಳಿ, ಇಲ್ಲಿಯ ಸಿರಿಂಜನ್ನೇ ಕೊಂಡು ಬಳಸಬೇಕೆಂದು ಸೀಸೆಯ ಪಕ್ಕದಲ್ಲಿ ಒಂದು ಚೀಟಿಯನ್ನು ಬರೆದಿಟ್ಟಿದ್ದೇನೆ.